ಮೋಟಾರಿಗೆ ಮಾತ್ರ ತೆರೆಯುವ ಬಾಗಿಲು

ನಾನು ರಿಪೇರಿ ಮಾಡಿದ ಬಾಗಿಲು ಕಳೆದ ವಾರ ಒಬ್ಬ ಮನುಷ್ಯನನ್ನು ಕೊಂದೇಬಿಡುತ್ತಿತ್ತು. ಕೆಟ್ಟು ನಿಂತದ್ದರಿಂದಲ್ಲ. ಸರಿಯಾಗಿ ಕೆಲಸ ಮಾಡಿದ್ದರಿಂದ.

ಈ ಅಂಕಣ ಓದುವವರಿಗೆ ನನ್ನ ಕಸುಬು ಗೊತ್ತೇ ಇದೆ. ಇಚಲಕರಂಜಿಯಲ್ಲಿ ಮಗ್ಗದ ಫಿಟ್ಟರ್. ವಾರವಿಡೀ ಕೈಗೆ ಎಣ್ಣೆ, ರವಿವಾರ ಮಾತ್ರ ಮಸಿ. (ಎರಡೂ ಸಾಬೂನಿಗೆ ಬಗ್ಗುವುದಿಲ್ಲ.) ಮಗ್ಗ ಬಿಟ್ಟು ಬೇರೆ ಯಂತ್ರಕ್ಕೆ ಕೈ ಹಾಕಬಾರದೆಂದು ನಮ್ಮ ಉಸ್ತಾದರು ಹೇಳಿದ್ದರು. ಕೇಳಲಿಲ್ಲ. ದೊಡ್ಡವರು ಕರೆದಾಗ ಯಾರು ಕೇಳುತ್ತಾರೆ?

ಕರೆದವರು ಪಾರಿಸಣ್ಣ ಸಾಹುಕಾರರು. ನಮ್ಮ ಪೇಟೆಯ ದೊಡ್ಡ ಕುಳ. ಅವರ ಮಗ್ಗದ ಶೆಡ್ಡಿಗೆ ಒತ್ತಿಕೊಂಡೇ ಅವರ ಮೋಟಾರು ಗ್ಯಾರೇಜು. ಅದರ ಬಾಗಿಲು ನೋಡಲು ಜಯಸಿಂಗಪುರದಿಂದ ಜನ ಬರುತ್ತಿದ್ದರು ಎಂದರೆ ಉತ್ಪ್ರೇಕ್ಷೆಯಲ್ಲ. ಮುಂಬೈಯಲ್ಲಿ ಯಾರದೋ ಬಂಗಲೆಯಲ್ಲಿ ಕಂಡು, ಕೊಲ್ಹಾಪುರದಲ್ಲಿ ಮಾಡಿಸಿದ್ದು.

ದಪ್ಪ ತಗಡಿನ ಬಾಗಿಲು. ಅದರ ಮುಂದೆ ನೆಲದಲ್ಲಿ ಒಂದು ಅಗಲವಾದ ಕಬ್ಬಿಣದ ಹಲಗೆ, ಒಳಗೆ ಅಂಥದೇ ಇನ್ನೊಂದು. ಮೋಟಾರಿನ ಗಾಲಿ ಹಲಗೆ ಹತ್ತಿದರೆ ಸಾಕು, ಅಡಿಯ ಸರಳು ಜಗ್ಗಿ ಕೊಂಡಿ ಕಳಚುತ್ತದೆ, ಬಾಗಿಲು ತಾನಾಗಿ ಮೇಲೇರುತ್ತದೆ. ಡ್ರೈವರ್ ಕೆಳಗಿಳಿಯಬೇಕಿಲ್ಲ. ಮುಚ್ಚುವುದಕ್ಕೆ ಮಾತ್ರ ಸರಪಳಿ ಎಳೆಯಬೇಕು. ಕಾಲುನಡಿಗೆಯವರಿಗೆ ಹೊರಗೆ ಕೀಲಿ, ಒಳಗೆ ಒಂದು ಹಿಡಿಕೆ. ಈ ಹಿಡಿಕೆಯನ್ನು ನೆನಪಿಟ್ಟುಕೊಳ್ಳಿ.

ಒಂದು ದಿನ ಬಾಗಿಲು ತೆರೆಯುವುದನ್ನು ನಿಲ್ಲಿಸಿತು. ನಾನು ಹೋಗಿ ಹೊರಗಿನ ಹಲಗೆ ಎತ್ತಿ ನೋಡಿದೆ. ಅಡಿಯಲ್ಲಿ ಇರುವೆಯ ಗೂಡು! ಸ್ಪ್ರಿಂಗ್ ಸುತ್ತ ಮಣ್ಣು ಗಟ್ಟಿಯಾಗಿ ಕೂತಿತ್ತು. ಸನಿಕೆ ಹಾಕಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು. ಸಾಹುಕಾರರ ತಾಯಿ, ನಾವೆಲ್ಲ ಆಯಿ ಎನ್ನುವ ಚಂದ್ರವ್ವ.

"ಮಿಸ್ತ್ರಿ, ಕೈ ತಗೀ! ಒಳಗ ತತ್ತಿ ಅದಾವ, ಕಾಣವಲ್ದೇನ್ ನಿನಗ?"

"ಹಂಗಾರ ಏನ್ ಮಾಡೂದ್ರಿ ಆಯಿ?"

"ಏನ್ ಮಾಡೂದು ಅಂದ್ರ? ಅವು ಹೋಗೂತನಕಾ ಕಾಯೂದು."

ಕಾದೆವು. ಆಯಿ ಗ್ಯಾರೇಜಿನ ಗೋಡೆಯ ಬುಡದವರೆಗೆ ಸಕ್ಕರೆಯ ಗೆರೆ ಎಳೆದಳು. ಯುದ್ಧದ ಕಾಲ, ರೇಷನ್ ಸಕ್ಕರೆ, ತನ್ನ ಚಹಾ ಬಿಟ್ಟು ಉಳಿಸಿದ್ದು. ಇರುವೆಗಳು ತಮ್ಮ ಸಂಸಾರ ಹೊತ್ತು ಗೋಡೆ ಬುಡಕ್ಕೆ ಹೋಗುವುದಕ್ಕೆ ಎಂಟು ದಿನ ಹಿಡಿಯಿತು. ಅಷ್ಟು ದಿನ ಸಾಹುಕಾರರ ಮೋಟಾರು ಬೇವಿನ ಗಿಡದ ಕೆಳಗೆ ನಿಂತಿತ್ತು, ಅವರೂ ಸಹಿಸಿಕೊಂಡರು. ನಾನೂ ದಿನಾ ಹೋಗಿ, ಬಗ್ಗಿ ನೋಡಿ, ಬರುತ್ತಿದ್ದೆ. ನಾನು ಉದಗಾಂವದ ಜೈನ ರೈತರ ಮನೆಯವನು, ಇದು ನನಗೆ ಹೊಸತಲ್ಲ. ನಗಬೇಡಿ. ಆ ಎಂಟು ದಿನದ ಬಗ್ಗೆ ನನಗೆ ಇವತ್ತಿಗೂ ಅಭಿಮಾನವಿದೆ.

ನಾಚಿಕೆಯಾಗುವುದು ಒಂಬತ್ತನೆಯ ದಿನದ ಬಗ್ಗೆ.

ಮಣ್ಣು ತೆಗೆದು ಎಣ್ಣೆ ಬಿಟ್ಟಿದ್ದೇ ತಡ, ಬಾಗಿಲಿಗೆ ಹುರುಪು ಬಂದಂತಾಯಿತು. ಎಮ್ಮೆ ಕಾಲಿಟ್ಟರೂ ಮೇಲೆ. ಶೆಡ್ಡಿಗೆ ಹೋಗುವ ನೇಕಾರ ಅಡ್ಡ ಹಾಯ್ದರೂ ಮೇಲೆ. ಸಾಹುಕಾರರು ಸಿಡಿಮಿಡಿಗೊಂಡರು.

"ಹೇ ಕಾಯ, ಏನಿದು ಮಿಸ್ತ್ರಿ? ಎಮ್ಮಿ ಬಂದ್ರೂ ತೆರೀತೈತಿ, ನೇಕಾರ ಬಂದ್ರೂ ತೆರೀತೈತಿ. ಇದು ನನ್ನ ಬಾಗಲೋ, ಊರ ಬಾಗಲೋ? ನನ್ನ ಮೋಟಾರಿಗಷ್ಟ ತೆರೀಬೇಕು. ಅದಕ್ಕ ಗುರ್ತಾ ಕಲಸ್ರಿ."

ಬಾಗಿಲಿಗೆ ಗುರುತು ಕಲಿಸುವುದು ಹೇಗೆ? ಮಗ್ಗದವನಿಗೆ ಹೊಳೆಯುವುದು ಒಂದೇ ದಾರಿ. ನಮ್ಮಲ್ಲಿ ಹಾಸುನೂಲು ಸಡಿಲಾದರೆ ಉರುಳೆಯ ಹಗ್ಗಕ್ಕೆ ಬೀಡುಕಬ್ಬಿಣದ ಗುಂಡು ತೂಗುಬಿಡುತ್ತೇವೆ. ಇನ್ನೂ ಸಡಿಲವೇ? ಇನ್ನೊಂದು ಗುಂಡು. ಹದಿನೈದು ವರ್ಷ ಇದನ್ನೇ ಮಾಡಿದ ಕೈ. ಗ್ಯಾರೇಜಿನೊಳಗೆ ಸರಳಿನ ತುದಿಗೆ ಒಂದೊಂದೇ ಗುಂಡು ಕಟ್ಟುತ್ತ ಹೋದೆ. ಗುಂಡು ಹೆಚ್ಚಿದಷ್ಟೂ ಹಲಗೆ ತಗ್ಗಲು ಹೆಚ್ಚು ಭಾರ ಬೇಕು. ಒಬ್ಬನನ್ನು ಹಲಗೆಯ ಮೇಲೆ ನಿಲ್ಲಿಸಿದೆ, ತೆರೆಯಲಿಲ್ಲ. ನಾಲ್ವರನ್ನು ನಿಲ್ಲಿಸಿದೆ, ತೆರೆಯಲಿಲ್ಲ. ಮೋಟಾರು ಬಂತು, ತೆರೆಯಿತು. ಸಾಹುಕಾರರು ನನ್ನ ಬೆನ್ನು ತಟ್ಟಿದರು. ಸುಳ್ಳೇಕೆ? ಹಿಗ್ಗಿ ಹೀರೇಕಾಯಿಯಾದೆ.

ಗುಂಡು ತೂಗುವುದಕ್ಕೆ ಒಳಗಿನ ಹಿಡಿಕೆ ಅಡ್ಡ ಬರುತ್ತಿತ್ತು. ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದೆ. ಡ್ರೈವರ್ ಭರಮಪ್ಪ ಅದನ್ನು ನೋಡಿದ. ಗಡಹಿಂಗ್ಲಜದ ಕಡೆಯವನು, ಕಡಿಮೆ ಮಾತಿನ ಮನುಷ್ಯ.

"ಮಿಸ್ತ್ರಿ, ಒಳಗಿಂದ ಬರಾಕ ಹಿಡಿಕಿ ಬೇಕಲ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರರು ಅಂದರು: "ನೀ ಒಳಗ ಇದ್ದಿ ಅಂದ್ರ ಮೋಟಾರೂ ಒಳಗ ಇರತೈತಿ. ಮೋಟಾರು ತೆರೀತೈತಿ, ನೀ ಬರ್ತಿ. ಹಿಡಿಕಿ ಯಾಕ?"

ಎಂಥ ಲೆಕ್ಕ! ನಾನು ತಲೆ ಆಡಿಸಿದೆ. ಆಮೇಲೆ ಭರಮಪ್ಪನಿಗೆ ಮೆಲ್ಲಗೆ, "ನಾಳೆ ಬಂದು ಬಾಜೂಕ ಕೂಡಸ್ತೇನಿ" ಅಂದೆ. ಆ ನಾಳೆ ಹದಿನೈದು ದಿನ ಬರಲಿಲ್ಲ. ಹಿಡಿಕೆ ನನ್ನ ಚೀಲದಲ್ಲೇ ಕುಲುಕಾಡುತ್ತಿತ್ತು.

ಕಳೆದ ವಾರ ಜಿಟಿಜಿಟಿ ಮಳೆ. ಭರಮಪ್ಪ ಬೆಳಿಗ್ಗೆ ಸಾಹುಕಾರರನ್ನು ಹಾತಕಣಂಗಲೆ ಸ್ಟೇಷನ್ನಿಗೆ ಬಿಟ್ಟು ಬಂದ. ಅವರು ಕೊಲ್ಹಾಪುರದ ರೈಲು ಹತ್ತಿದರು, ಗ್ಯಾರೇಜಿನ ಕೀಲಿ ಅವರ ಸೊಂಟದಲ್ಲಿ. ಹೊರಗಿನಿಂದ ಮೋಟಾರು ಹಲಗೆ ಹತ್ತಿತು, ಬಾಗಿಲು ಗುರುತು ಹಿಡಿಯಿತು, ತೆರೆಯಿತು. ಒಳಗೆ ಹೋಗಿ, ಒಳಗಿನ ಹಲಗೆ ದಾಟಿಸಿ ಮೋಟಾರು ನಿಲ್ಲಿಸಿದ. ದಿನಾ ಹೊರಬಂದು ಮುಚ್ಚುತ್ತಿದ್ದವನು, ಅವತ್ತು ಮೋಟಾರು ಒರೆಸುವಷ್ಟರಲ್ಲಿ ಇದ್ದಿಲ ಚೀಲಗಳಿಗೆ ಎರಚಲು ಹೊಡೆಯುತ್ತದೆಂದು ಒಳಗಿನಿಂದಲೇ ಸರಪಳಿ ಎಳೆದು ಬಾಗಿಲು ಮುಚ್ಚಿದ.

ಇದ್ದಿಲು ಯಾಕೆ ಅನ್ನುತ್ತೀರಾ? ಪೆಟ್ರೋಲಿಗೆ ರೇಷನ್ ಬಂದ ಮೇಲೆ ಆ ಮೋಟಾರೂ ಇದ್ದಿಲ ಗ್ಯಾಸಿನ ಮೇಲೆ ಓಡುತ್ತದೆ. ಹಿಂಬದಿಗೆ ಹಂಡೆಯಂಥ ಒಲೆ. ಎಂಜಿನ್ ನಿಂತರೂ ಒಲೆ ನಿಲ್ಲುವುದಿಲ್ಲ. ಆ ಗ್ಯಾಸು ವಿಷ, ಆದರೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾರೇಜಿಗೆ ಇದ್ದ ಒಂದೇ ಗವಾಕ್ಷಿಗೆ ಗೋಣಿ ತುರುಕಿತ್ತು, ಮಗ್ಗದ ಅರಳೆ ಹಾರಿಬಂದು ಮೋಟಾರಿನ ಮೇಲೆ ಕೂರಬಾರದಲ್ಲ!

ತಲೆ ತಿರುಗಿದಾಗ ಭರಮಪ್ಪ ಎಂಜಿನ್ ಶುರು ಮಾಡಲು ನೋಡಿದ. ಹಿಡಿಯಲಿಲ್ಲ. ಒಳಗಿನ ಹಲಗೆಯ ಮೇಲೆ ನಿಂತ. ಕುಣಿದ. ಕುಣಿದಾನು, ಬಾಗಿಲಿಗೆ ಅವನ ಗುರುತು ಎಲ್ಲಿದೆ? ತಗಡು ಬಡಿದ.

ನಾನೆಲ್ಲಿದ್ದೆ ಗೊತ್ತೆ? ಗೋಡೆಯ ಆಚೆ, ಶೆಡ್ಡಿನಲ್ಲಿ, ಒಂದು ಮಗ್ಗದ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದೆ. ಮಗ್ಗಗಳ ಖಟಾಖಟಿಯಲ್ಲಿ ಪಕ್ಕದವನ ಮಾತೇ ಕೇಳುವುದಿಲ್ಲ, ಗೋಡೆಯಾಚೆಯದು ಕೇಳುತ್ತದೆಯೇ?

ಕೇಳಿದ್ದು ಆಯಿಗೆ. ಕೊಡೆ ಹಿಡಿದು ಗೋಡೆ ಬುಡದ ಇರುವೆಗಳಿಗೆ ಸಕ್ಕರೆ ಹಾಕಲು ಬಂದಿದ್ದಳು. ಬಗ್ಗಿದಾಗ ತಗಡಿನ ಕೆಳಗಿನಿಂದ ಟಕ್ ಟಕ್ ಎಂದಿತಂತೆ. ಒಂದು ದಿನವೂ ಶೆಡ್ಡಿಗೆ ಕಾಲಿಡದ ಮುದುಕಿ ಓಡಿ ಬಂದು ಕೂಗಿದಳು. ಬಾಯಿ ಆಡುವುದು ಕಂಡಿತು, ದನಿ ಯಾರಿಗೂ ಮುಟ್ಟಲಿಲ್ಲ. ಕೊನೆಗೆ ಗೋಡೆಯ ದೊಡ್ಡ ಸ್ವಿಚ್ಚಿಗೆ ಜೋತುಬಿದ್ದು ಕೆಳಗೆಳೆದಳು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು.

"ಭರಮಾ ಒಳಗ ಸಿಕ್ಕಾನ್ರೋ!"

ಓಡಿದೆವು. ಕೀಲಿ ಕೊಲ್ಹಾಪುರದಲ್ಲಿ. ಗುಂಡು ಬಿಚ್ಚೋಣವೆಂದರೆ ಅವು ಒಳಗೆ. ಹಾರೆ ಹಾಕಿ ಮೀಟಿದರೆ ತಗಡು ಬಾಗಿತೇ ಹೊರತು ಕೊಂಡಿ ಜಪ್ಪಯ್ಯ ಅನ್ನಲಿಲ್ಲ. ಉಳಿದದ್ದು ಹೊರಗಿನ ಹಲಗೆ. "ಎಲ್ಲಾರೂ ಹತ್ರಿ" ಅಂದೆ. ನಾಲ್ವರು ಹತ್ತಿದರು. ತೆರೆಯಲಿಲ್ಲ, ನಾನೇ ಪರೀಕ್ಷೆ ಮಾಡಿದ್ದೆನಲ್ಲ. ಏಳು ಮಂದಿ ಹತ್ತಿದರು. ಒಬ್ಬರನ್ನೊಬ್ಬರು ಅಪ್ಪಿಕೊಂಡು, ಒಬ್ಬನ ಕಾಲ ಮೇಲೆ ಒಬ್ಬನ ಕಾಲಿಟ್ಟು, ಹನ್ನೊಂದು ಮಂದಿ ನೇಕಾರರು ಹಲಗೆ ತುಂಬಿದಾಗ ಕೊಂಡಿ ಕಳಚಿತು. ಒಂದು ಮೋಟಾರಿಗೆ ಹನ್ನೊಂದು ಮನುಷ್ಯರು ಸಮ, ಇದು ನಾನು ಕಟ್ಟಿದ ತೂಕ.

ಭರಮಪ್ಪ ಒಳಗಿನ ಹಲಗೆಯ ಮೇಲೆ ಬೋರಲಾಗಿ ಬಿದ್ದಿದ್ದ. ಉಸಿರು ಇತ್ತು.

ಅನ್ಯಾಯ ಹೇಳಬಾರದು, ಸಾಹುಕಾರರು ಕೊಲ್ಹಾಪುರದಿಂದ ಡಾಕ್ಟರರನ್ನು ಕರೆಸಿದರು. ಭರಮಪ್ಪ ಬದುಕಿದ. ಆದರೆ ಕೈ ನಡುಗುತ್ತದೆ, ಈಗ ಹೇಳಿದ್ದು ಈಗ ಮರೆಯುತ್ತಾನೆ. ನಡುಗುವ ಕೈಗೆ ಸ್ಟೀರಿಂಗ್ ಯಾರು ಕೊಡುತ್ತಾರೆ? ನಾಲ್ಕನೆಯ ದಿನವೇ ಹೊಸ ಡ್ರೈವರನ ಹುಡುಕಾಟ ಶುರುವಾಯಿತು.

ಶನಿವಾರ ಸಾಹುಕಾರರು ನನಗೆ ಹೇಳಿ ಕಳಿಸಿದರು. ಹಿಡಿಕೆಗೇ ಇರಬೇಕೆಂದು ಉಜ್ಜಿ ತೊಳೆದು ಒಯ್ದೆ.

"ಹನ್ನೊಂದ್ ಮಂದಿ ಕೂಡಿ ನಿಂತ್ರ ತೆರೀತೈತಿ ಅಂತ ಈಗ ಊರಿಗೆಲ್ಲಾ ಗೊತ್ತಾತು, ಮಿಸ್ತ್ರಿ," ಅಂದರು. "ಕಾಲ ಭಾಳ ಕೆಟ್ಟೈತಿ. ಇನ್ನೆರಡು ಗುಂಡು ಹಾಕ್ರಿ."

"ಗುಂಡು ಹಾಕೂದಿಲ್ರಿ," ಅಂದೆ. ಎಲ್ಲಿಂದ ಬಂತೋ ಧೈರ್ಯ. "ಹಿಡಿಕಿ ಹಾಕ್ತೇನಿ. ಬ್ಯಾರೆ ಕೆಲಸಕ್ಕ ಬ್ಯಾರೆ ಫಿಟ್ಟರ್ ನೋಡ್ಕೋರಿ."

ಅವರು ಎದ್ದು ಒಳಗೆ ಹೋದರು. ಅವರ ಶೆಡ್ಡಿನ ಕೆಲಸ ನನಗೆ ಇನ್ನಿಲ್ಲ. ಇದನ್ನು ಶೌರ್ಯವೆಂದು ಓದಬೇಡಿ. ಕಳ್ಳ ಓಡಿದ ಮೇಲೆ ಕೋಲು ಎತ್ತಿದವನ ಶೌರ್ಯ.

ಹಿಡಿಕೆ ಕೂರಿಸುವಾಗ ಭರಮಪ್ಪ ತನ್ನ ಕಂಬಳಿ ಒಯ್ಯಲು ಬಂದ. ಗಡಹಿಂಗ್ಲಜಕ್ಕೆ ಹೊರಟಿದ್ದ. ಬೈದಾನು ಅಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು. ಅವನು ನಡುಗುವ ಕೈಯಿಂದ ಹಿಡಿಕೆಯನ್ನು ತಿರುವಿದ. ಕೊಂಡಿ ಕಳಚಿತು. ಮತ್ತೆ ತಿರುವಿದ.

"ಚಲೋ ಆತ್ರಿ ಮಿಸ್ತ್ರಿ," ಅಂದ. "ಮುಂದ ಬರಾವ್ಗ ಆಕ್ಕೈತಿ."

ಅವನು ಹೋದ ಮೇಲೆ ಗಡಿಯಾರ ನೋಡಿದೆ. ಹಿಡಿಕೆ ಕೂರಿಸಲು ಹಿಡಿದದ್ದು ಅರ್ಧ ತಾಸು.

ಇರುವೆಗಳಿಗಾಗಿ ಎಂಟು ದಿನ ಕಾದವನಿಗೆ, ಭರಮಪ್ಪನಿಗಾಗಿ ಅರ್ಧ ತಾಸು ನಿಲ್ಲಲು ಏನು ಧಾಡಿಯಾಗಿತ್ತು?