ಗುಳ್ಳೆ ನಿಂತ ಮಧ್ಯಾಹ್ನ

ರಾಣೆಬೆನ್ನೂರಿನ ನಮ್ಮ ಡಾಕ್ಟರರ ದವಾಖಾನೆಯಲ್ಲಿ ಈಗ ಮೀನಿನ ತೊಟ್ಟಿ ಇಟ್ಟಿದ್ದಾರೆ. ಸರದಿ ಕಾಯುತ್ತ ಕೂತವಳಿಗೆ ಅದರ ಬುಳುಬುಳು ಸಪ್ಪಳ ಕೇಳಿ ತೂಕಡಿಕೆ ಬಂತು. ನಿಮಗೆ ಜೋಗುಳ ಕೇಳಿದರೆ ನಿದ್ದೆ ಬರಬಹುದು. ನನಗೆ ನೀರಿನಲ್ಲಿ ಗುಳ್ಳೆ ಏಳಬೇಕು. ಇದು ನನ್ನ ಅತ್ತೆ ಕೊಟ್ಟುಹೋದ ರೂಢಿ.

ತೊಂಬತ್ತರ ದಶಕದ ಮಾತು. ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಸೀನದೆ ಒಂದು ಮಾತು ಮುಗಿಸಿದವರನ್ನು ಆ ಓಣಿಯಲ್ಲಿ ನಾನು ಕಂಡಿಲ್ಲ. ಅತ್ತೆಗೆ ಮಾತ್ರ ಸೀನು ಹೋಗಿ ದಮ್ಮು ಬಂತು, ದಮ್ಮು ಬಲಿತು, ಕಡೆಗೆ ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್ ಬಂದು ನಿಂತಿತು. ಅದರ ತಲೆಗೆ ಮುಳ್ಳಿನ ಮೀಟರು, ಅದಕ್ಕೊಂದು ನೀರಿನ ಬಾಟಲಿ, ಬಾಟಲಿಯಿಂದ ಅತ್ತೆಯ ಮೂಗಿಗೆ ನಳಿಗೆ. ಗಾಳಿ ಹರಿಯುತ್ತಿದ್ದರೆ ಬಾಟಲಿಯಲ್ಲಿ ಗುಳ್ಳೆ ಏಳುತ್ತಿತ್ತು. ಶಾಲೆಯಲ್ಲಿ ವರ್ಷವರ್ಷವೂ ಆಮ್ಲಜನಕದ ಪಾಠ ಮಾಡಿದವಳು ನಾನು. ರಜೆ ಹಾಕಿ ಮನೆಯಲ್ಲಿ ಕೂತ ಮೇಲೆ ಅದರ ಇನ್ನೊಂದು ಗುಣ ತಿಳಿಯಿತು: ಅದು ಯಾರನ್ನೂ ಮಲಗಗೊಡುವುದಿಲ್ಲ.

ಗಂಡ ಅಂಗಡಿಗೆ ಹೋದರೆ ಮನೆಯಲ್ಲಿ ನಾವಿಬ್ಬರೇ. ಮಧ್ಯಾಹ್ನ ಅತ್ತೆಗೆ ಗಂಜಿ ಕುಡಿಸಿ, ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಅಡ್ಡಾಗುತ್ತಿದ್ದೆ. ಕಣ್ಣು ಹತ್ತಿತೋ ಇಲ್ಲವೋ, ಗುಳ್ಳೆ ನಿಲ್ಲುತ್ತಿತ್ತು. ಧಡಕ್ಕನೆ ಎದ್ದು ನೋಡಿದರೆ ಮೀಟರಿನ ಮುಳ್ಳು ಸರಿಯಾಗಿದೆ, ಸಿಲಿಂಡರ್ ತುಂಬಿದೆ. ಬಾಟಲಿಯ ಮುಚ್ಚಳ ಬಿಗಿಮಾಡಿ, ನಳಿಗೆ ಮಂಚದ ಕಾಲಿಗೆ ಸಿಕ್ಕಿದೆಯೇ ಎಂದು ತಡಕುವಷ್ಟರಲ್ಲಿ ಗುಳ್ಳೆ ತಾನೇ ಏಳತೊಡಗುತ್ತಿತ್ತು. ನನ್ನ ಕೈಗುಣದಿಂದಲೇ ಸರಿಹೋಯಿತೆಂದು ಮೊದಮೊದಲು ಬೀಗಿದ್ದೂ ಉಂಟು.

ದಿನಾ ಇದೇ ಆದಾಗ ಸಿಲಿಂಡರ್ ತರುವವರನ್ನು ಹಾವೇರಿಯಿಂದ ಕರೆಸಿದೆವು. ಅವರು ವಾಷರ್ ಬದಲಿಸಿದರು, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದರು. "ಎಲ್ಲೂ ಸೋರಾಕತ್ತಿಲ್ರಿ ಅಕ್ಕಾರ. ಇದರಾಗ ಏನೂ ದೋಷ ಇಲ್ಲ" ಎಂದು ಚಹಾ ಕುಡಿದು ಹೋದರು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಮರುದಿನ ಮಧ್ಯಾಹ್ನ ನಿದ್ದೆ ಬಾರದೆ ಸುಮ್ಮನೆ ಕಣ್ಣು ಮುಚ್ಚಿಕೊಂಡಿದ್ದೆ. ಗುಳ್ಳೆ ನಿಂತಿತು. ಏಳಲು ತ್ರಾಣವಿಲ್ಲದೆ ಕಣ್ಣಷ್ಟೇ ತೆರೆದೆ. ಮಂಚದ ಅಂಚಿನಲ್ಲಿ, ಸೆರಗಿನ ಮರೆಯಲ್ಲಿ, ಅತ್ತೆ ನಳಿಗೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಿದ್ದರು. ತುಟಿ ನೀಲಿಗಟ್ಟಿತ್ತು.

ಎದ್ದು ಮುಷ್ಟಿ ಬಿಡಿಸಿದೆ. "ಏನ್ ಮಾಡಾಕತ್ತೀರಿ ಅತ್ತಿ? ಜೀವಕ್ಕ ಏನರ ಆಗಿದ್ರ?" ಎಂದು ಕೂಗಿದೆ. ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು.

ಉಸಿರು ಹತೋಟಿಗೆ ಬಂದ ಮೇಲೆ ಅವರು ಹೇಳಿದರು: "ಈ ಸಪ್ಪಳಕ್ಕ ನಿನಗ ನಿದ್ದಿ ಹತ್ತವಲ್ದು ತಂಗಿ. ಒಂದ್ ಗಳಿಗಿ ಮಲಗ್ಲಿ ಅಂತ ಹಿಡದಿದ್ನಿ. ನೀ ಎದ್ದಕೂಡ್ಲೆ ಬಿಡತಿದ್ನಿ."

"ಸಪ್ಪಳ ಇದ್ರನ ನಾ ಮಲಗೂದ್ರಿ. ನಿಂತ್ರ ಎಚ್ಚರ ಆಗತೈತಿ."

"ಹೌದೇನ? ಮತ್ತ ಹೇಳಬಾರದಾ? ನಾ ಸುಮ್ನ ದಮ್ ಕಟ್ಟಿದ್ನೆಲ್ಲ!" ಅತ್ತೆ ನಕ್ಕರು. ನಗು ಕೆಮ್ಮಾಯಿತು. ನಾನು ಅವರ ಬೆನ್ನು ನೀವುತ್ತ ಅಳತೊಡಗಿದೆ.

"ದಣದೇನಿ ಅಂತ ಒಮ್ಮೆರ ಅನ್ನು. ನನ್ನ ಮುಂದ ಎಂಥಾ ನಾಚಿಗಿ?"

"ಇಲ್ರಿ ಅತ್ತಿ, ದಣದಿಲ್ಲ" ಎಂದೆ, ಮೂಗೊರೆಸಿಕೊಂಡು.

ಆಮೇಲೆ ಅವರು ಎಂದೂ ನಳಿಗೆ ಮಡಚಲಿಲ್ಲ. ಗುಳ್ಳೆಯ ಸಪ್ಪಳದಲ್ಲಿ ಇಬ್ಬರೂ ಮಲಗುತ್ತಿದ್ದೆವು. ಶ್ರಾವಣ ಬರುವಷ್ಟರಲ್ಲಿ ಅತ್ತೆ ಹೋದರು.

ದವಾಖಾನೆಯಲ್ಲಿ ನನ್ನ ಹೆಸರು ಕೂಗಿದರು. ಒಳಗೆ ಹೋದೆ. ಡಾಕ್ಟರು ನಾಡಿ ಹಿಡಿದು, "ಎಲ್ಲಾ ಆರಾಮ ಅದೀರಿಲ್ಲೊ?" ಎಂದರು. ಇಷ್ಟು ವರ್ಷ "ಆರಾಮ್ರಿ" ಎನ್ನುತ್ತಲೇ ಬಂದವಳು ಇವತ್ತು ಕುರ್ಚಿಗೆ ಒರಗಿಕೊಂಡೆ.

"ಇಲ್ರಿ ಡಾಕ್ಟರ, ಭಾಳ ದಣದೇನಿ."