ಶಕುಂತಲಕ್ಕ ಬಿಟ್ಟುಕೊಟ್ಟ ಎರಡು ಅಂಕ

ಶಾಲೆಯ ಪ್ರಗತಿಪತ್ರದ ಕೊನೆಯಲ್ಲಿ ಷರಾ ಬರೆಯುವ ಅಂಕಣ ಒಂದಿರುತ್ತದೆ ನೋಡಿ, ನಮ್ಮಂಥ ಟೀಚರುಗಳ ವರ್ಷದ ಸಿಟ್ಟೆಲ್ಲ ಇಳಿಯುವುದು ಅಲ್ಲಿಯೇ. ನಿನ್ನೆ ಏಳನೆಯ ತರಗತಿಯ ಹುಡುಗಿಯೊಬ್ಬಳ ಪತ್ರವನ್ನು ಎದುರಿಗಿಟ್ಟುಕೊಂಡು ಕೂತಿದ್ದೆ. ಅವಳು ಪಾಠದ ಕಡೆ ಗಮನ ಕೊಡುವವಳಲ್ಲ. ಇಂಗ್ಲಿಷಿನಲ್ಲಿ ಒಂದು ಖಾರದ ವಾಕ್ಯ ಮನಸ್ಸಿನಲ್ಲಿ ಸಿದ್ಧವಾಗಿತ್ತು, ನಡುವೆ ಒಂದು 'ನೆವರ್' ಕೂಡ ಇತ್ತು. ಪೆನ್ನು ಊರಿದೆ, ಕೈ ಮುಂದೆ ಹೋಗಲಿಲ್ಲ. ಶಕುಂತಲಕ್ಕ ನೆನಪಾದಳು.

ಹೊಸ ಶತಮಾನ ಬಂದು ಮೂರೋ ನಾಲ್ಕೋ ವರ್ಷವಾಗಿತ್ತು. ನಾನು ಬಿ.ಎ. ಮುಗಿಸಿ ಅಂಕೋಲೆಯ ಮನೆಯಲ್ಲಿ ಕೂತಿದ್ದೆ. ಕಾರವಾರದ ಗಲ್ಲಿಗಲ್ಲಿಗೂ 'ಸ್ಪೋಕನ್ ಇಂಗ್ಲಿಷ್' ಬೋರ್ಡು ಬೀಳುತ್ತಿದ್ದ ಕಾಲ. ಅಲ್ಲೇ ಕೋಡಿಬಾಗದಲ್ಲಿದ್ದ ಸೋದರತ್ತೆಯ ಮನೆಯ ಜಗಲಿಗೆ ನಾನೂ ಒಂದು ಬೋರ್ಡು ತೂಗುಹಾಕಿದೆ. ನನಗೇ ಇಂಗ್ಲಿಷಿನಲ್ಲಿ ಮಾತಾಡಲು ಬಾಯಿ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಬಸ್ಸಿನಲ್ಲಿ ಪ್ರವಾಸಿಗರು ಏನಾದರೂ ಕೇಳಿಯಾರೆಂದು ನಿದ್ದೆ ಬಂದವಳಂತೆ ಕಣ್ಣು ಮುಚ್ಚುತ್ತಿದ್ದೆ. ಆದರೆ ವ್ಯಾಕರಣ ಬರುತ್ತಿತ್ತು. ಈಜು ಬಾರದವರೂ ದಡದಲ್ಲಿ ನಿಂತು 'ಕೈ ಹೀಗೆ ಬೀಸು' ಎನ್ನಬಹುದಲ್ಲ, ಹಾಗೆ.

ಬೋರ್ಡು ನೋಡಿ ಬಂದವರಲ್ಲಿ ಶಕುಂತಲಕ್ಕನೇ ಹಿರಿಯಳು, ನನಗಿಂತ ಹನ್ನೆರಡು ವರ್ಷವಾದರೂ ದೊಡ್ಡವಳು. ಆದರೂ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುವ ನಮ್ಮ ಕಡೆಯ ರೂಢಿಯಂತೆ ಅವಳು ನನ್ನನ್ನು ಅಕ್ಕೋರೆ ಎನ್ನುತ್ತಿದ್ದಳು, ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳು ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳ ಮೂಗು ಒರೆಸುವುದು, ಉಪ್ಪಿಟ್ಟು ಬೇಯಿಸುವುದು, ಕಸ ಗುಡಿಸುವುದು ಅವಳ ಪಾಲು. ಅಲ್ಲಿನ ಕಾರ್ಯಕರ್ತೆ ಮುಂದಿನ ವರ್ಷ ನಿವೃತ್ತಿಯಾಗುವವರಿದ್ದರು. ಹತ್ತನೆಯ ತರಗತಿ ಪಾಸಾಗಿದ್ದರೆ ಆ ಕೆಲಸ ಶಕುಂತಲಕ್ಕನಿಗೆ ಸಿಗುವುದಿತ್ತು. ಉಳಿದಿದ್ದದ್ದು ಇಂಗ್ಲಿಷ್ ಒಂದೇ. ಅದರಲ್ಲಿ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು.

"ಅಕ್ಕೋರೆ, ನಂಗೆ ಇಂಗ್ಲಿಷ್ ಮಾತಾಡೂದೆಲ್ಲ ಬ್ಯಾಡ. ಪಾಸಾಗೂಕೆ ಬೇಕು, ಅಷ್ಟೇಯ. ಹದಿಮೂರು ವರ್ಷ ಆಯ್ತು, ಆ ಮಕ್ಕಳಿಗೆ ಹಾಡು ಹೇಳ್ಕೊಡೂದು ನಾನು, ರಿಜಿಸ್ಟರಲ್ಲಿ ಸಹಿ ಬೇರೇರದು" ಎಂದಳು ಮೊದಲ ದಿನವೇ.

ಅವಳ ಕೈಯಲ್ಲಿ ಎಲ್ಲವೂ ಒಂದು ಮಟ್ಟಕ್ಕೆ ಬಂತು, ಆಲ್ವೇಸ್, ನೆವರ್, ಆಫನ್ ಎಂಬ ಮೂರು ಮಾತ್ರ ಬಗ್ಗಲಿಲ್ಲ. ಕನ್ನಡದಲ್ಲಿ ನಾವು 'ಯಾವಾಗಲೂ' ಎಂಬುದನ್ನು ಎಲ್ಲಿಟ್ಟರೂ ವಾಕ್ಯ ಹೇಗೋ ಸುಧಾರಿಸಿಕೊಳ್ಳುತ್ತದೆ. ಇಂಗ್ಲಿಷಿಗೆ ಅಷ್ಟು ತಾಳ್ಮೆಯಿಲ್ಲ. 'ಐ ಕುಕ್ ಉಪ್ಪಿಟ್ಟು ಆಲ್ವೇಸ್' ಎಂದು ಅವಳು ಬರೆದಾಗ ನನಗೊಂದು ಉಪಾಯ ಹೊಳೆಯಿತು. ಕ್ರಿಯಾಪದ ಮದುಮಗಳು, ಆಲ್ವೇಸ್ ಕಳಸಗಿತ್ತಿ, ಮದುಮಗಳ ಮುಂದೆಯೇ ಕಳಸ ನಡೆಯಬೇಕು ಎಂದೆ. ಅವಳಿಗೆ ಇದು ತಕ್ಷಣ ಹಿಡಿಸಿತು. 'ಶಿ ಈಸ್ ಆಲ್ವೇಸ್ ಲೇಟ್' ಎಂಬಲ್ಲಿ ಕಳಸ ಹಿಂದೆ ಬಿದ್ದದ್ದನ್ನು ಕಂಡು, "ಈ 'ಈಸ್' ಅಂಬೂದು ಯಾರ ಮನೆ ಮದುಮಗಳು ಅಕ್ಕೋರೆ? ಕಳಸ ಬಿಟ್ಟು ಮುಂದೆ ಓಡ್ತದ್ಯಲ್ಲ!" ಎಂದು ನಗಿಸಿದಳು.

ಅವಳ ಗಂಡ ಟ್ರಾಲರಿನಲ್ಲಿ ದುಡಿಯುವವನು. ಕಡಲಿಗೆ ಹೋದರೆ ಎಂಟು ಹತ್ತು ದಿನ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದು ನಾನು ಬರೆಯಬಹುದು, ಅವಳು ಹೇಳುತ್ತಿರಲಿಲ್ಲ. ಯಾರಾದರೂ "ಮನೆಯವ್ರು ಇಲ್ವಾ?" ಎಂದರೆ "ಬರ್ತ್ರು" ಎನ್ನುತ್ತಿದ್ದಳೇ ಹೊರತು 'ಇಲ್ಲ' ಎಂಬ ಮಾತು ಬಾಯಿಂದ ಬಂದದ್ದು ಕಾಣೆ. ಅಕ್ಕಿ ಮುಗಿದರೆ ತುಂಬಿದೆ ಎನ್ನುವ, ದೀಪ ಆರಿಸುವುದನ್ನು ದೊಡ್ಡದು ಮಾಡುವುದು ಎನ್ನುವ ಮನೆಯಲ್ಲೇ ಬೆಳೆದ ನನಗೆ ಅದು ವಿಶೇಷವಾಗಿ ಕಂಡಿರಲಿಲ್ಲ.

ಪರೀಕ್ಷೆ ಮುಗಿದ ಸಂಜೆ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದಳು. ಒಂದೊಂದೇ ಕೇಳುತ್ತ ಹೋದೆ. ಪದಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಎಂಬ ಎರಡು ಅಂಕದ ಪ್ರಶ್ನೆಯೊಂದಿತ್ತು. ಕಮ್ಸ್, ನೆವರ್, ಹೋಮ್, ಹಿ. ನಾವು ನೂರು ಸಲ ಮಾಡಿದ ಲೆಕ್ಕ. ಖುಷಿಯಿಂದ ಕೇಳಿದೆ.

"ಹಿ ಆಲ್ವೇಸ್ ಕಮ್ಸ್ ಹೋಮ್ ಅಂತ ಬರ್ದೆ."

"ಆಲ್ವೇಸ್ ಎಲ್ಲಿಂದ ಬಂತು? ಕೊಟ್ಟದ್ದು ನೆವರ್ ಅಲ್ವಾ?"

"ಗೊತ್ತಿತ್ತು ಅಕ್ಕೋರೆ. ನಮ್ಮನೆಯವ್ರು ಮೀನಿಗೆ ಹೋಗಿ ಆರು ದಿನ ಆಯ್ತು. ಅವ್ರು ಕಡಲಲ್ಲಿ ಇರ್ಬೇಕಾದ್ರೆ ನಾ ನನ್ನ ಕೈಯಾರೆ ಆ ಮಾತು ಬರೀಲಾ?"

ಫಲಿತಾಂಶ ಬಂತು. ಪಾಸಾಗಲು ಮೂವತ್ತೈದು ಬೇಕಿತ್ತು, ಅವಳಿಗೆ ಬಂದದ್ದು ಮೂವತ್ಮೂರು.

ನನಗೆ ಬಂದ ಸಿಟ್ಟನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಅವಳು ಅಳುತ್ತಿರಲಿಲ್ಲ, ನಾನು ಅಳುವ ಹಾಗಾಗಿದ್ದೆ. "ಅದು ಬರೀ ವ್ಯಾಕರಣ, ಶಕುಂತಲಕ್ಕ! ಆ 'ಹಿ' ನಿಮ್ಮ ಮನೆಯವ್ರಲ್ಲ, ಯಾರೂ ಅಲ್ಲ. ಎರಡು ಅಂಕಕ್ಕೆ ಬರೂ ಕೆಲಸಾನೇ ಪಣಕ್ಕಿಟ್ರಲ್ಲ! ಮುಂದಿನ ಸಲ ಕಣ್ಮುಚ್ಚಿ ಬರ್ದುಬಿಡಿ" ಎಂದೆ.

"ಅದೊಂದು ಬರೂದಿಲ್ಲ. ಬೇರೆ ಎಲ್ಲಾ ಕಲಿಸಿ" ಎಂದಳು. ಹಟವೂ ಇರಲಿಲ್ಲ ಆ ಮಾತಿನಲ್ಲಿ. ಮಳೆ ಬರ್ತದೆ, ಕೊಡೆ ಹಿಡ್ಕೊಳ್ಳಿ ಎಂದಷ್ಟು ಸಲೀಸಾಗಿ ಹೇಳಿದಳು.

ಮಳೆಗಾಲವಿಡೀ ಬಂದಳು. ಅಂಗನವಾಡಿಯ ಪಾತ್ರೆ ತೊಳೆದು, ಸೀರೆಯ ಅಂಚು ಹಿಂಡುತ್ತ ಜಗಲಿ ಹತ್ತುತ್ತಿದ್ದಳು. ಕಾಗದ ಬರೆಯುವುದು, ಪದ್ಯದ ಸಾರಾಂಶ, ಹಿಂದಿನ ಸಲ ಮುಟ್ಟದೇ ಬಿಟ್ಟಿದ್ದ ಪ್ರಬಂಧ, ಎಲ್ಲವನ್ನೂ ಮೂರು ಮೂರು ಸಲ ಬರೆದಳು. ಅವಳ ಅನುಮಾನಗಳಿಗೆ ಉತ್ತರ ಹುಡುಕಲು ನಾನು ರಾತ್ರಿ ಓದಬೇಕಾಯಿತು. ನಿಜ ಹೇಳುತ್ತೇನೆ, ನನಗೆ ಅಷ್ಟಿಷ್ಟು ಇಂಗ್ಲಿಷ್ ಬಂದದ್ದು ಆ ನಾಲ್ಕು ತಿಂಗಳಲ್ಲಿ. ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಇನ್ನೊಂದು ಪರೀಕ್ಷೆ ನಡೆಯಿತು. ಗಂಡ ಆಗಲೂ ನೀರಿನ ಮೇಲೆಯೇ ಇದ್ದ.

ಈ ಸಲದ ಫಲಿತಾಂಶ ಬಂದಾಗ ನಾನು ಊರಿಗೆ ಹೋಗಿದ್ದೆ, ಅದನ್ನು ಹೇಳಲು ಅಂಕೋಲೆಗೇ ಬಸ್ಸು ಹತ್ತಿ ಬಂದಳು. ಐವತ್ತೊಂದು. ಅಮ್ಮ ಕೊಟ್ಟ ಬೆಲ್ಲ ಬಾಯಲ್ಲಿಟ್ಟುಕೊಂಡು, ಬೆವರು ಒರೆಸಿಕೊಳ್ಳುತ್ತ ಕೂತಳು. ನನಗೆ ಕುತೂಹಲ ತಡೆಯಲಿಲ್ಲ.

"ಈ ಸಲ ಅಂಥಾ ವಾಕ್ಯ ಬರ್ಲಿಲ್ವಾ?"

"ಬರ್ಲಿಲ್ಲ ಅಕ್ಕೋರೆ. ಬಂದಿದ್ರೂ ಬರೀತಿರ್ಲಿಲ್ಲ. ಬಿಡೂಕೆ ಆಗೂವಷ್ಟು ಕಲ್ತ್ಕೊಂಡೇ ಹೋಗಿದ್ದೆ."

ಹೆಚ್ಚು ಅಂಕ ತೆಗೆಯಲು ಓದಿದವರನ್ನು ಕಂಡಿದ್ದೇನೆ, ನಾನೂ ಹಾಗೇ ಓದಿದವಳು. ಎರಡು ಅಂಕ ಬಿಟ್ಟುಕೊಡುವ ತಾಕತ್ತಿಗಾಗಿ ನಾಲ್ಕು ತಿಂಗಳು ಓದಿದವಳನ್ನು ಮತ್ತೆ ಕಂಡಿಲ್ಲ. ಕಲಿಸಿದವಳು ನಾನು ಎಂದು ಹೇಳಿಕೊಳ್ಳಲು ಇವತ್ತಿಗೂ ಸಂಕೋಚ.

ನಿನ್ನೆ ಆ ಹುಡುಗಿಯ ಪತ್ರದಲ್ಲಿ ಷರಾದ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದೆ. ಮುಖ್ಯಾಧ್ಯಾಪಕರು ಕಾರಣ ಕೇಳುತ್ತಾರೆ. ಕೇಳಲಿ. ಹನ್ನೆರಡು ವರ್ಷದ ಮಗುವಿನ ಮೇಲೆ ನನ್ನ ಕೈಯಾರೆ ಆ ಮಾತು ಬರೆಯುವುದಿಲ್ಲ ಎನ್ನುತ್ತೇನೆ.