ಅವಳ ಬದಿಯ ತಂತಿ

ಬಿಳಿ ಸೆರಾಮಿಕ್ ಕಡ್ಡಿಯಿಂದ ತಂತಿಯ ತುದಿ ಮೂರು ಮಿಲಿಮೀಟರಿನಷ್ಟೇ ಹೊರಗಿತ್ತು, ಜೋಳದ ಕಾಳಿಗಿಂತ ಚಿಕ್ಕದು. ಕಡ್ಡಿಯ ಆಚೆ ಬದಿಗೆ ಅಂಥದೇ ಇನ್ನೊಂದು. ಒಂದನ್ನು ನಾನು ಕೂರಿಸಿದ್ದೆ, ಇನ್ನೊಂದನ್ನು ನನ್ನ ಗೆಳತಿ.

ಗದಗಿನ ಕಾಲೇಜೊಂದರಲ್ಲಿ ಇಬ್ಬರೂ ಸಂಶೋಧನೆ ಮಾಡುತ್ತಿದ್ದೆವು. ನಾನು ಬೆಟಗೇರಿಯವಳು, ಅವಳು ಲಕ್ಷ್ಮೇಶ್ವರದಿಂದ ಬಸ್ಸಿಗೆ ಬರುತ್ತಿದ್ದಳು. ಗಾಳಿ ತೆಗೆದ ಉಕ್ಕಿನ ಪಾತ್ರೆಯೊಳಗೆ ಪ್ಲಾಸ್ಮಾ, ಅಂದರೆ ವಿದ್ಯುತ್ತಿನಿಂದ ಬೆಳಗುವ ಅನಿಲ, ಹರಿಯುತ್ತದೆ. ಅದರೊಳಗೆ ಚಾಚಿದ ಈ ಕಡ್ಡಿಯಲ್ಲಿ ಹರಿವಿಗೆ ಮುಖ ಮಾಡಿದ ತುದಿಗೆ ಹೆಚ್ಚು ಕರೆಂಟು, ಬೆನ್ನು ಮಾಡಿದ್ದಕ್ಕೆ ಕಡಿಮೆ. ಎರಡನ್ನೂ ಹೋಲಿಸಿದರೆ ಹರಿವಿನ ವೇಗ ತಿಳಿಯುತ್ತದೆ. ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿದಾಗ ಎರಡೂ ಅಂಕಿ ಅದಲುಬದಲಾಗಬೇಕು.

ಅವಳು ಜ್ವರ ಬಂದು ತೀರಿಕೊಂಡಳು. ಆಮೇಲೊಂದು ದಿನ ಕಡ್ಡಿ ತಿರುಗಿಸಿದರೂ ಅಂಕಿಗಳು ಅದಲುಬದಲಾಗಲಿಲ್ಲ. ತುದಿಗಳನ್ನು ಕೆಂಪಗೆ ಕಾಯಿಸಿ ಶುಚಿ ಮಾಡಿದರೂ ಅವಳ ಬದಿ ತಪ್ಪನ್ನೇ ತೋರಿಸಿತು. ಹೊಸ ತಂತಿ ಹಾಕು ಎಂದರು ಮಾರ್ಗದರ್ಶಕರು. ಹ್ಞೂಂ ಎಂದೆ, ಹಾಕಲಿಲ್ಲ. ಪಂಪು ಓಡುತ್ತಿತ್ತು, ನಾನು ಎದುರಿಗೆ ಸುಮ್ಮನೆ ಕೂರುತ್ತಿದ್ದೆ. ಅವಳ ಕೈಯಿಂದ ಆದದ್ದರಲ್ಲಿ ನನ್ನ ಬಳಿ ಉಳಿದಿದ್ದು ಅದೊಂದೇ.

ಭಾನುವಾರ ಲಕ್ಷ್ಮೇಶ್ವರಕ್ಕೆ ಹೋದೆ. ಅವಳ ತಾಯಿ ಚಹಾ ಕೊಟ್ಟು ಎದುರಿಗೆ ಕುಳಿತರು.

"ನಿಮ್ಮ ತಂತಿ ಹ್ಯಾಂಗ ನಡದೈತಿ, ಬೇಟಿ?"

"ಒಂದು ಬದಿ ತಪ್ಪು ಹೇಳಾಕತ್ತೈತ್ರಿ, ಅಮ್ಮಾ."

"ಅಕಿದೇನು?"

ಹೌದೆಂದು ತಲೆಯಾಡಿಸಿದೆ. ಅವರು ನಕ್ಕೇಬಿಟ್ಟರು.

"ಗೊತ್ತಿತ್ತು ನನಗ! ಅಕಿ ಹಚ್ಚಿದ ಗುಂಡಿ ಒಂದ ದಿನಾನೂ ನಿಲ್ತಿರಲಿಲ್ಲ. ಸೂಜಿ ಹಿಡಿಯಾಕ ಬರಲಾರದಾಕಿ ತಂತಿ ಹಿಡಿಯಾಕ ಹೋಗಿದ್ಲು."

ನನಗೂ ನಗು ಬಂತು. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಮತ್ತ ಅದನ್ಯಾಕ ಇನ್ನೂ ಇಟ್ಟೀ?"

"ತಗಿಯಾಕ ಮನಸಾಗವಲ್ದ್ರಿ."

"ಅಕಿ ಉಡ್ತಿದ್ದ ಅರಿವಿ ಎಲ್ಲಾ ನಾನ ಕೊಟ್ಟೆ ಬೇಟಿ, ಮಂದಿಗೆ. ನನಗ ಮನಸಾಗಿತ್ತೇನು?" ಎಂದು ಖಾಲಿ ಕಪ್-ಬಸಿ ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದಲೇ ಕೇಳಿದರು, "ಬಸ್ಸು ಎಷ್ಟಕ್ಕೈತಿ? ಉಂಡು ಹೋಗು."

ಉಂಡು ಬಂದೆ. ಮರುದಿನ ಬೆಳಿಗ್ಗೆ ಪಂಪು ನಿಲ್ಲಿಸಿ, ಪಾತ್ರೆಯೊಳಗೆ ನಿಧಾನವಾಗಿ ಗಾಳಿ ಬಿಟ್ಟು, ಬೋಲ್ಟು ಬಿಚ್ಚಿ ಕಡ್ಡಿಯನ್ನು ಹೊರತೆಗೆದೆ. ಅವಳ ತಂತಿಯನ್ನು ಕತ್ತರಿಸಿದೆ. ಎರಡೂ ತುದಿ ಒಂದೇ ಅಳತೆಯವು, ಒಂದೇ ವಯಸ್ಸಿನವು ಆಗಿರಬೇಕು, ಅದಕ್ಕೆ ನನ್ನದನ್ನೂ ಕತ್ತರಿಸಿದೆ.